ಪೌಡರ್ ಟೌನಿನ ಬಿಗ್ ಸಿಡ್

ಮದ್ದೂರಿನ ದೊಡ್ಡಸಿದ್ದಯ್ಯನವರಿಗೆ ಸ್ಕಾಟ್ಲೆಂಡಿನಲ್ಲಿ ಒಬ್ಬ ಸ್ನೇಹಿತನಿದ್ದ. ಒಂದೂವರೆ ವರ್ಷ ಇದ್ದ. ಬ್ರೌಸರು ಅಪ್‌ಡೇಟ್ ಆದ ಮೂರನೆಯ ದಿನ, ಹನ್ನೆರಡು ಗಂಟೆಯ ಸುಮಾರಿಗೆ, ಬಸ್‌ಸ್ಟ್ಯಾಂಡಿನಲ್ಲಿ ಇಲ್ಲವಾದ.

ದೊಡ್ಡಸಿದ್ದಯ್ಯ ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿ ಕರೆಂಟು ಕಂಬ ಹತ್ತಿ ಇಳಿದು ರಿಟೈರಾದವರು. ಕೊನೆಯ ಸಲ ಇಳಿದ ಮೇಲೆ ನೆಲದ ಮೇಲೆ ಏನು ಮಾಡಬೇಕೆಂದು ತೋಚದೆ ಬನ್ನೂರು ತಳಿಯ ಎಂಟು ಕುರಿ ಕಟ್ಟಿದರು. ಏಳು ಹೆಣ್ಣು, ಒಂದು ಟಗರು. ಟಗರಿನ ಹೆಸರು ಭೈರ. ಕೊಂಬಿಲ್ಲ, ಕಾಲು ಗಿಡ್ಡ, ಬೆನ್ನು ಮಂಚದಷ್ಟು ಅಗಲ. ಒಟ್ಟು ನೋಟದಲ್ಲಿ ಅದು ಯಜಮಾನರನ್ನೇ ಹೋಲುತ್ತದೆ ಎಂದು ಅವರ ಹೆಂಡತಿ ಮಾಯಮ್ಮ ಹೇಳುತ್ತಿದ್ದರು. ದೊಡ್ಡಸಿದ್ದಯ್ಯನವರಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಮಂಡ್ಯದಲ್ಲಿ ಟೀಚರಾಗಿದ್ದ ಮಗಳು ನಯನ ತನ್ನ ಹಳೆಯ ಲ್ಯಾಪ್‌ಟಾಪನ್ನು ಅಪ್ಪನಿಗೆ ಕೊಟ್ಟಿದ್ದಳು. ಅದನ್ನು ಪಳಗಿಸಿದವನು ಬಸ್‌ಸ್ಟ್ಯಾಂಡಿನ ಬಳಿ ಮೊಬೈಲು, ಕಂಪ್ಯೂಟರು ರಿಪೇರಿ ಅಂಗಡಿ ಇಟ್ಟಿದ್ದ ಮುಕರ್ರಂ. ಪ್ರಪಂಚದ ಕುರಿ ಸಾಕುವವರೆಲ್ಲ ಸೇರಿ ಹರಟುವ ಒಂದು ಸೈಟನ್ನು ಅವನೇ ಹುಡುಕಿಕೊಟ್ಟ. ಆದರೆ ಅಲ್ಲಿ ಎಲ್ಲವೂ ಇಂಗ್ಲಿಷು. ದೊಡ್ಡಸಿದ್ದಯ್ಯನವರ ಇಂಗ್ಲಿಷು ಟ್ರಾನ್ಸ್‌ಫಾರ್ಮರ್ ಮೇಲಿನ 'ಡೇಂಜರ್' ಎಂಬಲ್ಲಿಗೆ ಮುಗಿಯುತ್ತಿತ್ತು, ಅದನ್ನೂ ಅವರು ಓದುತ್ತಿದ್ದದ್ದು ತಲೆಬುರುಡೆಯ ಚಿತ್ರ ನೋಡಿಕೊಂಡು.

"ಅದ್ಕೂ ದಾರಿ ಅದೆ ಸಿದ್ದಯ್ಯಣ್ಣ," ಎಂದ ಮುಕರ್ರಂ. "ಬ್ರೌಸರ್‌ಗೆ ಒಂದು ಬಾಲ ಅಂಟಿಸ್ತೀನಿ. ಆಡ್-ಆನ್ ಅಂತಾರೆ. ಅವ್ರು ಇಂಗ್ಲಿಷಲ್ಲಿ ಬರ್ದದ್ದು ನಿಮ್ಗೆ ಕನ್ನಡದಲ್ಲಿ ಕಾಣ್ತದೆ. ನೀವು ಕನ್ನಡದಲ್ಲಿ ಬರ್ದದ್ದು ಅಲ್ಲಿಗೆ ಇಂಗ್ಲಿಷಾಗಿ ಓಯ್ತದೆ."

ಸೈಟು ಹೆಸರು, ಊರು ಕೇಳಿತು. ಇವರು 'ದೊಡ್ಡಸಿದ್ದಯ್ಯ, ಮದ್ದೂರು' ಎಂದು ಹೊಡೆದರು. ಆಡ್-ಆನ್ ಯಾವುದನ್ನೂ ಸುಮ್ಮನೆ ಬಿಡುವ ಜಾತಿಯದಲ್ಲ. ದೊಡ್ಡಸಿದ್ದಯ್ಯನನ್ನು 'ಬಿಗ್ ಸಿಡ್' ಮಾಡಿತು. ಮದ್ದೂರನ್ನು ಮದ್ದು ಬೇರೆ, ಊರು ಬೇರೆ ಎಂದು ಬಿಡಿಸಿ 'ಪೌಡರ್ ಟೌನ್' ಮಾಡಿತು. ಪೌಡರ್ ಟೌನಿನ ಬಿಗ್ ಸಿಡ್! ದೊಡ್ಡಸಿದ್ದಯ್ಯ ಅದನ್ನು ನಾಲ್ಕು ಸಲ ಬಾಯಲ್ಲಿ ಹೇಳಿ ನೋಡಿ, ಬದಲಾಯಿಸುವುದು ಬೇಡ ಎಂದರು.

ಮೊದಲ ವಾರದಲ್ಲೇ ಅವರಿಗೆ ಉತ್ತರ ಬರೆದವನು 'ರೇನ್ ವೈನ್' ಎಂಬ ಊರಿನ 'ಸ್ಮಾಲ್ ಬೋರಾ'. ಮುಖದ ಫೋಟೋ ಇಲ್ಲ, ಒಂದು ಟಗರಿನ ಫೋಟೋ. ಅದ್ಯಾವ ದೇಶವೆಂದು ಕೇಳಿದಾಗ ಮುಕರ್ರಂ ತಲೆ ಕೆರೆದುಕೊಂಡು, "ರೇನ್ ಅಂದ್ರೆ ಮಳೆ. ಮಳೆಯೂ ಜಾಸ್ತಿ, ಕುರಿಯೂ ಜಾಸ್ತಿ ಅಂದ್ರೆ ಸ್ಕಾಟ್ಲೆಂಡ್ ಇರ್ಬೇಕು" ಎಂದ. ಅಲ್ಲಿಗೆ ಇತ್ಯರ್ಥವಾಯಿತು. ತಮ್ಮ ಹೆಸರನ್ನು ಹಿಗ್ಗಾಮುಗ್ಗಾ ಎಳೆದಾಡಿದ ಆಡ್-ಆನ್ ಆ ಕಡೆಯವನ ಹೆಸರನ್ನೂ ಹಾಗೇ ಮಾಡಿರಬಹುದೆಂದು ದೊಡ್ಡಸಿದ್ದಯ್ಯನವರಿಗೆ ಹೊಳೆಯಲಿಲ್ಲ. ನಮ್ಮ ಹೆಸರನ್ನಾದರೆ ಇಂಗ್ಲಿಷು ಮಾಡಬೇಕು, ಇಂಗ್ಲಿಷಿನವನ ಹೆಸರನ್ನು ಮತ್ತೇನು ಇಂಗ್ಲಿಷು ಮಾಡುವುದು?

ಸ್ಮಾಲ್ ಬೋರಾ ಬಹಳ ಮರ್ಯಾದಸ್ಥ. 'ಪರಮ ಗೌರವಾನ್ವಿತ ಮಹನೀಯರೇ' ಎಂದೇ ಶುರು ಮಾಡುತ್ತಿದ್ದ. ಒಮ್ಮೆ ಭೈರನಿಗೆ ಹೊಟ್ಟೆ ಉಬ್ಬರಿಸಿದಾಗ, 'ತಮ್ಮ ಗಂಡು ಕುರಿಗೆ ಕೇರಂ ಬೀಜಗಳ ಕಷಾಯವನ್ನು ನೀಡಲು ದಯಮಾಡಿ ಪರಿಗಣಿಸಿ' ಎಂದು ಬರೆದ. ಕೇರಮ್ಮಿಗೆ ಬೀಜ ಎಲ್ಲಿಯದು ಎಂದು ಒಂದು ಗಂಟೆ ಯೋಚಿಸಿ, ಕೊನೆಗೆ ದೊಡ್ಡಸಿದ್ದಯ್ಯ ಲಿಂಕ್ ರೋಡಿನ ಯುವಕ ಸಂಘಕ್ಕೆ ಹೋಗಿ ಕೇರಂ ಬೋರ್ಡಿನ ಮೂರು ಕಪ್ಪು ಕಾಯಿ, ಒಂದು ಕೆಂಪು ಕಾಯಿ ಕೇಳಿ ತಂದು, ತೊಳೆದು, ಕುದಿಸಿ, ಆ ನೀರನ್ನು ಭೈರನಿಗೆ ಕುಡಿಸಿದರು. ಭೈರನ ಹೊಟ್ಟೆ ಸಂಜೆಯೊಳಗೆ ಇಳಿಯಿತು. ಅಂದಿನಿಂದ ದೊಡ್ಡಸಿದ್ದಯ್ಯನವರಿಗೆ ಸ್ಕಾಟ್ಲೆಂಡಿನ ವೈದ್ಯದಲ್ಲಿ ಅಚಲ ನಂಬಿಕೆ.

ಅವನ ಜೀವನದ ಬಗ್ಗೆ ಮರುಕವೂ ಇತ್ತು. 'ನಾನು ಮೂವತ್ತು ವರ್ಷಗಳ ಕಾಲ ಪಶು ಆಸ್ಪತ್ರೆಗೆ ಹಾಜರಾದೆನು' ಎಂದು ಬರೆದಿದ್ದ. ಪಾಪ, ಅಲ್ಲಿ ಮನುಷ್ಯರ ಆಸ್ಪತ್ರೆ ಇಲ್ಲವೇನೋ. ಊಟವೂ ವಿಚಿತ್ರ. ಅದನ್ನು ಅವರು ಸ್ವಾಮಿಯ ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದರು.

"ಬೆರಳು ಧಾನ್ಯದ ಚೆಂಡು ಮಾಡ್ಕತಾರಂತೆ ಕಣ್ಲಾ. ಕುರಿ ಸಾರ್ನಲ್ಲಿ ಅದ್ಬುಟ್ಟು, ಅಗೀದೆಯ ನುಂಗ್ತಾರಂತೆ!"

"ನಾವು ಮುದ್ದೆ ನುಂಗಕಿಲ್ವಾ, ಅಂಗೇ ಇರ್ಬೇಕು," ಎಂದಿದ್ದ ಸ್ವಾಮಿ.

"ಮುದ್ದೆಗೂ ಚೆಂಡಿಗೂ ಎಲ್ಲಿಂದೆಲ್ಲಿಗ್ಲಾ? ತಿಳ್ಕಂಡು ಮಾತಾಡು."

ಆ ಟೀ ಅಂಗಡಿಯಲ್ಲಿ ಈಗ ಅವರಿಗೆ ಮೂಲೆಯ ಕುರ್ಚಿ ಖಾಯಂ ಆಗಿತ್ತು. ಪೇಪರಿನಲ್ಲಿ ಯೂರೋಪಿನ ಸುದ್ದಿ ಬಂದರೆ ಜನ ಇವರ ಮುಖ ನೋಡುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಲ್ಯಾಪ್‌ಟಾಪು ಏನನ್ನೋ ಕೇಳಿತು. ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ದೊಡ್ಡಸಿದ್ದಯ್ಯನವರ ಸ್ವಭಾವ. ನೀಲಿ ಗುಂಡಿ ಒತ್ತಿ ಎದ್ದುಹೋದರು. ಮಂಗಳವಾರ ಬೆಳಿಗ್ಗೆ ಬಂದು ತೆರೆದರೆ ಸೈಟಿನ ತುಂಬ ಇಂಗ್ಲಿಷು. ಮೇಲ್ಗಡೆ ಆಡ್-ಆನಿನ ಹಸಿರು ಗುರುತು ಇದ್ದ ಕಡೆ ಬೂದಿ ಬಣ್ಣದ ಒಂದು ಚೌಕ ಸತ್ತು ಬಿದ್ದಿತ್ತು. ಒತ್ತಿದರು, ಅಲುಗಲಿಲ್ಲ. ಗದರಿಸಿದರು, ಅಲುಗಲಿಲ್ಲ. ಲ್ಯಾಪ್‌ಟಾಪಿನ ಬೆನ್ನಿಗೆ ಎರಡು ತಟ್ಟಿದರು. ಬೀದಿ ದೀಪವಾದರೆ ಇಷ್ಟಕ್ಕೆ ಹತ್ತಿಕೊಳ್ಳುತ್ತಿತ್ತು.

ಅದೇ ಹೊತ್ತಿಗೆ ಭೈರ ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಸ್ಮಾಲ್ ಬೋರಾನಿಗೆ ಹೇಳದೆ ವಿಧಿಯಿಲ್ಲ. ಹೋದರೆ ಹೋಗಲಿ ಎಂದು ಎಂದಿನಂತೆ ಕನ್ನಡದಲ್ಲಿ ಹೊಡೆದು ಕಳುಹಿಸಿದರು: 'ಭೈರ ಎರಡು ದಿನದಿಂದ ಹುಲ್ಲು ತಿಂದಿಲ್ಲ. ಏನು ಮಾಡಲಿ?'

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಸುತ್ತ ಮೇಲೆ ಕೆಳಗೆ ಎಲ್ಲ ಇಂಗ್ಲಿಷು. ನಡುವೆ ಆ ಟಗರಿನ ಫೋಟೋದ ಪಕ್ಕದಲ್ಲಿ ಮಾತ್ರ ಗುಂಡಗುಂಡಗೆ ಕನ್ನಡ.

'ಏನಯ್ಯ ಸಿಡ್ಡು, ಕನ್ನಡ ಕಲ್ತ್‌ಬುಟ್ಟಿದ್ದೀಯಲ್ಲ, ಬೇಸ್! ಟಗ್ರು ಎಲ್ಡು ದಿನ ಮೇಯ್ದೆ ಇದ್ರೆ ನೀನ್ ಕತ್ತೆ ಕಾಯ್ತಿದ್ದಾ? ಬಾಯ್ ತಗ್ದು ನೋಡು ಮೊದ್ಲು.'

ದೊಡ್ಡಸಿದ್ದಯ್ಯ ಕುರ್ಚಿಯಿಂದ ಎದ್ದೇಬಿಟ್ಟರು. "ಮಾಯೀ! ಬಾಮ್ಮಿ ಇಲ್ಲಿ! ನಮ್ ಬೋರಾ ಕನ್ನಡ ಕಲ್ತವ್ನೆ!"

ಮಾಯಮ್ಮ ಸೌಟು ಹಿಡಿದೇ ಬಂದು ಓದಿಸಿಕೊಂಡು ಕೇಳಿದರು. "ಅಲ್ ಕಣಿ, ನೀವು ಕಲ್ತಿದ್ದೀರಿ ಅಂತ ಬರ್ದವ್ನಲ್ಲ?"

"ಪಾಪ, ಒಸದಾಗಿ ಕಲ್ತೋನು. ನಾನು ಅನ್ನೋದ್ನ ನೀನು ಅಂದವ್ನೆ. ಅದೊಂದು ತಿದ್ದುದ್ರೆ ಆಯ್ತು."

'ಬಾಯ್ ತಗ್ದು ನೋಡು' ಎಂಬುದು ಮಾತ್ರ ಸ್ವಲ್ಪ ತೊಡಕಾಯಿತು. ಪರದೇಶದವನು ಪದಕ್ಕೆ ಪದ ಕಲಿತಿರುತ್ತಾನೆ, ಹೇಳಿದ ಹಾಗೇ ಮಾಡುವುದು ಸರಿ ಎಂದುಕೊಂಡು ದೊಡ್ಡಸಿದ್ದಯ್ಯ ಕೊಟ್ಟಿಗೆಗೆ ಹೋಗಿ, ಭೈರನ ಮುಂದೆ ನಿಂತು, ತಮ್ಮ ಬಾಯನ್ನು ಅಗಲವಾಗಿ ತೆರೆದು ಐದು ನಿಮಿಷ ನೋಡಿದರು. ಭೈರ ಮುಖ ತಿರುಗಿಸಿಕೊಂಡ. ನೀರು ತಂದ ಮಾಯಮ್ಮ ಬಾಗಿಲಲ್ಲೇ ನಿಂತು ಏನೂ ಕೇಳದೆ ವಾಪಸು ಹೋದರು.

ಆಮೇಲೆ ಪಾಠ ಶುರುವಾಯಿತು. ವಿದೇಶೀಯನಿಗೆ ಅರ್ಥವಾಗಲೆಂದು ದೊಡ್ಡಸಿದ್ದಯ್ಯ ಬಿಡಿಬಿಡಿಯಾಗಿ ಬರೆದರು: 'ನೀನು ಕಲ್ತೆ ಅಲ್ಲ. ನಾನು ಕಲ್ತೆ. ಇದು ಕುರಿ. ಅದು ಹುಲ್ಲು. ಕುರಿ ಹುಲ್ಲು ತಿನ್ನುವುದಿಲ್ಲ. ಬಾಯಿ ತೆಗೆದು ನೋಡಿದೆ. ಏನೂ ಆಗಲಿಲ್ಲ.'

'ಒಂದ್ನೇ ಕ್ಲಾಸ್ ಪುಸ್ತಕ ಓದಿ ಕಲ್ತ್ಯೇನೋ?' ಎಂದು ಬಂತು ಉತ್ತರ. 'ಪರ್ವಾಗಿಲ್ಲ, ಕಲಿ. ಕುರಿ ಹುಲ್ಲು ತಿನ್ದೆ ಮಸಾಲೆ ದೋಸೆ ತಿಂತದಾ?'

ದೊಡ್ಡಸಿದ್ದಯ್ಯನವರಿಗೆ ಖುಷಿಯೋ ಖುಷಿ. ಮಸಾಲೆ ದೋಸೆಯವರೆಗೂ ಬಂದಿದ್ದಾನೆ! ಆದರೆ ಅಕ್ಷರದ ತಪ್ಪು ಬಹಳ. 'ಟಗ್ರು ಅಲ್ಲ, ಟಗರು. ಎಲ್ಡು ಅಲ್ಲ, ಎರಡು' ಎಂದು ತಿದ್ದಿ ಕಳಿಸಿದರು.

'ನಂಗೇ ಕನ್ನಡ ಯೋಳ್ಕೊಡಕ್ ಬತ್ತೀಯಾ? ಮೂತಿಗಿಕ್ತೀನಿ.'

"ಬಯ್ಯೋದೂ ಕಲ್ತ್‌ಬುಟ್ಟವ್ನೆ ಕಣಮ್ಮಿ," ಎಂದು ದೊಡ್ಡಸಿದ್ದಯ್ಯ ಕಣ್ಣೊರೆಸಿಕೊಂಡರು. ತನ್ನೊಬ್ಬನಿಗಾಗಿ ಸ್ಕಾಟ್ಲೆಂಡಿನವನೊಬ್ಬ ಇಷ್ಟು ಕಷ್ಟಪಟ್ಟಿದ್ದಾನೆಂದರೆ ಸಾಮಾನ್ಯವೇ?

ಆ ಉದ್ವೇಗದಲ್ಲೇ ಅವರು, 'ಮದ್ದೂರಿನಲ್ಲಿ ನಿನ್ನಂಥವರು ಯಾರೂ ಇಲ್ಲ' ಎಂದು ಬರೆದರು. ಬಂದ ಉತ್ತರವನ್ನು ಅವರು ಎರಡು ಸಲ ಓದಿದರು.

'ಮದ್ದೂರಾ? ಮದ್ದೂರಿಗೆ ಯಾವಾಗ್ ಬಂದೆ? ಮೊದ್ಲೇ ಯೋಳೋದಲ್ವಾ? ನಾನು ಇಲ್ಲೇ ಮಳವಳ್ಳೀಲಿ ಇವ್ನಿ. ನಾಳೆ ಹತ್ ಗಂಟೆಗೆ ಬತ್ತೀನಿ, ಬಸ್‌ಸ್ಟ್ಯಾಂಡ್ ತಾವ ನಿಂತಿರು. ಟಗ್ರು ನಾನ್ ನೋಡ್ತೀನಿ.'

ಸ್ಮಾಲ್ ಬೋರಾ ಮಳವಳ್ಳಿಗೆ ಬಂದಿಳಿದಿದ್ದಾನೆ! ಕನ್ನಡ ಕಲಿತದ್ದು ಅದಕ್ಕೇ!

ಮಧ್ಯಾಹ್ನ ಮುಕರ್ರಂ ಬಂದ. ಆಡ್-ಆನನ್ನು ಆರಿಸಿ ಹಾಕಿದ, ಕಿತ್ತು ಮತ್ತೆ ಕೂರಿಸಿದ, ಲ್ಯಾಪ್‌ಟಾಪನ್ನೇ ಎರಡು ಸಲ ಮಲಗಿಸಿ ಎಬ್ಬಿಸಿದ.

"ಬ್ರೌಸರ್ ಒಸದಾಗದೆ, ಆಡ್-ಆನ್ ಹಳೇದು. ನಿಮ್ ಭಾಸೇಲಿ ಯೋಳ್ಬೇಕು ಅಂದ್ರೆ ಒಸ ಮೀಟರ್ ಬೋರ್ಡಿಗೆ ಹಳೇ ಫ್ಯೂಸು ಕೂರ್ತಿಲ್ಲ. ಅದ್ನ ಮಾಡ್ದೋರು ಸರಿ ಮಾಡೋಗಂಟ ಕಾಯ್ಬೇಕು."

ಅಲ್ಲಿಯವರೆಗೆ ಇರಲೆಂದು ಬೇರೊಂದನ್ನು ಹಾಕಿದ. ಅದು ಸೈಟನ್ನೆಲ್ಲ ತೆಲುಗಿಗೆ ತಿರುಗಿಸಿತು. ಇನ್ನೊಂದು ಹಾಕಿದ. ಅದು ಏನನ್ನೂ ತಿರುಗಿಸದೆ, ಪ್ರತಿ ಕುರಿಯ ಫೋಟೋದ ಮೇಲೆ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಇಟ್ಟಿತು. ಅದನ್ನೂ ಕಿತ್ತು, ಮುಕರ್ರಂ ಬೆಳಗಿನಿಂದ ನಡೆದ ಪತ್ರಗಳನ್ನು ಓದಿದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು.

"ಸಿದ್ದಯ್ಯಣ್ಣ, ಬೇಜಾರ್ ಮಾಡ್ಕೋಬೇಡಿ. ಇವ್ರು ಫಾರಿನ್‌ನೋರು ಅಂತ ನಂಗನ್ಸಲ್ಲ. 'ಮೂತಿಗಿಕ್ತೀನಿ' ಅಂತ ಯಾವ ಪುಸ್ತಕದಲ್ಲೂ ಕಲಿಯಕ್ಕಾಗಲ್ಲ."

"ಸುಮ್ಕಿರಪ್ಪ. ಸ್ಕಾಟ್ಲೆಂಡು ಅಂತ ಯೋಳಿದ್ದು ಯಾರು? ನೀನೇ ತಾನೆ?"

ಮುಕರ್ರಂ ಬೇಡ ಬೇಡವೆನ್ನುತ್ತಲೇ ಅಂಗಡಿಗೆ ಹೋಗಿ ಒಂದು ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ 'ಸ್ಮಾಲ್ ಬೋರಾ' ಎಂದು ದಪ್ಪಗೆ ಬರೆದುಕೊಟ್ಟ. ಮಾಯಮ್ಮ ಅಕ್ಕಪಕ್ಕದ ಮನೆಗಳಿಂದ ಎರಡು ಮುಳ್ಳು ಚಮಚ ಕೇಳಿ ತಂದರು. ಬ್ರೆಡ್ಡು, ಜಾಮು ತರಿಸಿದರು. ಆಲೂಗಡ್ಡೆ ಬೇಯಿಸಿ, ಖಾರ ಹಾಕಬಾರದೆಂದು ಉಪ್ಪನ್ನೂ ಮರೆತರು.

ಬುಧವಾರ ಒಂಬತ್ತೂವರೆಗೇ ದೊಡ್ಡಸಿದ್ದಯ್ಯ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ರಟ್ಟು ಹಿಡಿದು ಕುಳಿತರು. ಹತ್ತೂಕಾಲಿಗೆ ಮಳವಳ್ಳಿ ಬಸ್ಸು ಬಂತು. ಒಬ್ಬೊಬ್ಬರಾಗಿ ಇಳಿದರು. ಕೆಂಪು ಮೂತಿಯ ಎತ್ತರದ ಗಂಡಸು ಯಾರೂ ಇಳಿಯಲಿಲ್ಲ. ಎಲ್ಲರಿಗಿಂತ ಕೊನೆಗೆ ಇಳಿದವರು ಸಾಸಿವೆ ಬಣ್ಣದ ಸೀರೆಯ, ಅರವತ್ತು ದಾಟಿದ ಹೆಂಗಸು. ಒಂದು ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬ್ಯಾಗು, ಇನ್ನೊಂದರಲ್ಲಿ ಬಾಳೆಲೆಯಲ್ಲಿ ಸುತ್ತಿದ ಸೇವಂತಿಗೆ ಹಾರ. ಆಕೆ ನೆಟ್ಟಗೆ ಬೆಂಚಿನ ಕಡೆಗೇ ಬಂದರು.

"ವಸಿ ಜರುಗಯ್ಯ. ಇಡೀ ಬೆಂಚು ನಿಂದೇನಾ?"

"ಜಾಗ ಇಟ್ಟಿವ್ನಿ ಕಣಮ್ಮ. ದೊಡ್ಡ ಮನ್ಸ ಒಬ್ರು ಬರೋರವ್ರೆ."

"ನಂಗೂ ಒಬ್ರು ಬರೋರವ್ರೆ. ಬರೋಗಂಟ ಕುಂತ್ಕತೀನಿ." ಕುಳಿತ ಮೇಲೆ ಆಕೆ ರಟ್ಟಿನ ಕಡೆ ನೋಡಿದರು. "ಅದೇನದು ಬೋರ್ಡು? ತಲೆಕೆಳ್ಗ್ ಇಡ್ಕಂಡಿದ್ದೀಯೇನೋ."

"ಇಂಗ್ಲಿಷು ಕಣಮ್ಮ. ಎಂಗ್ ಇಡ್ದ್ರೂ ನಡೀತದೆ."

ಇಬ್ಬರೂ ಕಾದರು. ಹನ್ನೊಂದಾಯಿತು. ಮತ್ತೊಂದು ಮಳವಳ್ಳಿ ಬಸ್ಸು ಬಂತು, ಖಾಲಿಯಾಯಿತು, ಹೋಯಿತು. ಆಕೆ ವಡೆ ಕೊಂಡು, ಮುರಿದು, ಕೇಳದೆಯೇ ಅರ್ಧ ಇವರ ಕೈಗಿಟ್ಟರು. ಅಷ್ಟರಲ್ಲಿ ಮಾಯಮ್ಮನ ಫೋನು ಬಂತು. ಭೈರ ಇನ್ನೂ ಮೇವು ಮುಟ್ಟಿಲ್ಲ.

"ಕುರಿನಾ?" ಎಂದರು ಪಕ್ಕದ ಹೆಂಗಸು, ಬೇಡವೆಂದರೂ ಕಿವಿಗೆ ಬಿದ್ದದ್ದರಿಂದ. "ಬಾಯ್ ತಗ್ಸಿ ನೋಡುದ್ರಾ?"

"ಅದೆಲ್ಲ ಆಯ್ತು. ಈಗ ಫಾರಿನ್ ಎಕ್ಸ್‌ಪರ್ಟ್ ಬತ್ತಾವ್ರೆ."

"ಫಾರಿನ್‌ನೋರ್ಗೆ ಕುರಿ ಬಗ್ಗೆ ಏನ್ ಗೊತ್ತಾಯ್ತದೆ ಬುಡು. ನಂಗೂ ಒಬ್ಬವ್ನೆ, ಅಮೆರಿಕದೋನು. ಅವ್ನ್ ನೋಡಕ್ಕೇ ಬಂದಿರೋದು." ಆಕೆ ಧ್ವನಿ ತಗ್ಗಿಸಿದರು. "ಉತ್ತರ ಧ್ರುವ ಅತ್ತಿ ಬಂದೋನು ಕಣಯ್ಯ! ಒಂದ್ಸಲ ಅಲ್ಲ, ದಿನಾ ಅತ್ತಿ ಇಳೀತಿದ್ನಂತೆ, ಮೂವತ್ತನಾಲ್ಕ್ ವರ್ಸ. ಅಂಥ ಗಟ್ಟಿಗ. ಆದ್ರೆ ಕುರಿ ವಿಸ್ಯದಲ್ಲಿ ಸುದ್ಧ ದಡ್ಡ."

ದೊಡ್ಡಸಿದ್ದಯ್ಯ ಮರುಕದಿಂದ ತಲೆಯಾಡಿಸಿದರು. ಅಂಥವರೂ ಇರುತ್ತಾರೆ ಪ್ರಪಂಚದಲ್ಲಿ.

ಹನ್ನೆರಡರ ಹೊತ್ತಿಗೆ ಮೈಸೂರಿನ ಕಡೆ ಹೋಗುವ ಒಂದು ಬಸ್ಸು ಬಂದು ನಿಂತಿತು. ಅದರಿಂದ ಆರಡಿ ಎತ್ತರದ, ಗಡ್ಡದ, ಚಡ್ಡಿ ಹಾಕಿದ ಬಿಳಿಯನೊಬ್ಬ ಬೆನ್ನಿಗೆ ದೊಡ್ಡ ಚೀಲ ಹೊತ್ತು ಕೆಳಗಿಳಿದು, ಸುತ್ತ ನೋಡಿ ವಡೆ ಮಾರುವವನ ಕಡೆ ನಕ್ಕ.

ದೊಡ್ಡಸಿದ್ದಯ್ಯ ರಟ್ಟನ್ನು ತಲೆಯ ಮೇಲೆತ್ತಿ ಓಡಿದರು. ಪಕ್ಕದಲ್ಲಿ ಸಾಸಿವೆ ಸೀರೆಯೂ ಹಾರ ಬಿಚ್ಚುತ್ತ ಓಡುತ್ತಿತ್ತು. ದೊಡ್ಡಸಿದ್ದಯ್ಯ ಬಲಗೈ ಹಿಡಿದರು. ಆಕೆ ಎಡಗೈ ಹಿಡಿದರು.

"ಸ್ಮಾಲ್ ಬೋರಾ!" ಎಂದು ಇವರು ಕೂಗಿದರು.

"ಬಿಗ್ ಸಿಡ್ಡು!" ಎಂದು ಆಕೆ ಕೂಗಿದರು.

ಬಿಳಿಯ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಕುತ್ತಿಗೆಗೆ ಆಗಲೇ ಹಾರ ಬಿದ್ದಿತ್ತು. "ನೋ, ನೋ, ಥ್ಯಾಂಕ್ಯೂ" ಎನ್ನುತ್ತ ಎರಡೂ ಕೈ ಬಿಡಿಸಿಕೊಂಡು, ವಡೆ ತಿನ್ನುವ ಆಸೆಯನ್ನೂ ಬಿಟ್ಟು, ಹಾರದ ಸಮೇತ ಬಸ್ಸು ಹತ್ತಿ ಕಿಟಕಿ ಮುಚ್ಚಿಕೊಂಡ. ಬಸ್ಸು ಹೊರಟುಹೋಯಿತು.

ಧೂಳು ಇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಏನಂದ್ರಿ ನೀವು ಈಗ?" ಎಂದರು ದೊಡ್ಡಸಿದ್ದಯ್ಯ.

"ನೀನೇನಂದೆ ಮೊದ್ಲು ಯೋಳು."

"ಸ್ಮಾಲ್ ಬೋರಾ ಅಂದೆ. ರೇನ್ ವೈನಿನ ಸ್ಮಾಲ್ ಬೋರಾ."

"ಆ ಹಾಳ್ ಕಂಪ್ಯೂಟ್ರು ನನ್ ಹೆಸ್ರು ಅಂಗ್ ಮಾಡಿರೋದು ಕಣಯ್ಯ! ಚಿಕ್ಕಬೋರಮ್ಮ ನಾನು. ಮಳವಳ್ಳಿ ಅನ್ನೋದ್ನ ಮಳೆ, ಬಳ್ಳಿ ಅಂತ ಸೀಳ್ಬುಟ್ಟು ರೇನ್ ವೈನ್ ಮಾಡದೆ. ಮೊನ್ನೆಯಿಂದ ಆ ಆಡ್-ಆನೂ ಕೆಟ್ಟ್ ಕುಂತದೆ." ಆಕೆ ಸೊಂಟದ ಮೇಲೆ ಕೈಯಿಟ್ಟರು. "ನೀನ್ಯಾರು?"

ದೊಡ್ಡಸಿದ್ದಯ್ಯನವರಿಗೆ ಕುಳಿತುಕೊಳ್ಳಬೇಕೆನಿಸಿತು. ಬೆಂಚು ದೂರವಿತ್ತು. "ದೊಡ್ಡಸಿದ್ದಯ್ಯ," ಎಂದರು ಮೆಲ್ಲಗೆ. "ಊರು ಇದೇಯ."

"ಅಮೆರಿಕ ಅಲ್ವಾ?"

"ಅಲ್ಲ."

"ಉತ್ತರ ಧ್ರುವ?"

"ಕಂಬ ಕಣಮ್ಮ. ಲೈನ್‌ಮನ್ ಆಗಿದ್ದೆ. ದಿನಾ ಕಂಬ ಅತ್ತುತಿದ್ದೆ ಅಂತ ಬರ್ದಿದ್ದೆ. ಇಂಗ್ಲಿಷಿಗ್ ಓಗಿ ಪೋಲ್ ಆಗಿ, ವಾಪಸ್ ಬರೋ ಒತ್ಗೆ ಧ್ರುವ ಆಗೋಗದೆ."

ಚಿಕ್ಕಬೋರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಪಕ್ಕದ ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡುವಷ್ಟು ನಕ್ಕರು. ದೊಡ್ಡಸಿದ್ದಯ್ಯನವರಿಗೆ ಮೊದಲು ಅಳು ಬಂದಿತ್ತು. ಒಂದೂವರೆ ವರ್ಷದ ಸ್ಕಾಟ್ಲೆಂಡು ಕಣ್ಣೆದುರಿಗೇ ಹೋಗಿತ್ತು, ಮೂಲೆಯ ಕುರ್ಚಿಯೂ ಅದರ ಹಿಂದೆಯೇ ಹೋಗುವುದಿತ್ತು. ಆದರೆ ಆಕೆಯ ನಗು ನೋಡಿ ನೋಡಿ ಅವರ ಹೊಟ್ಟೆಯೂ ಕುಲುಕತೊಡಗಿತು.

"ನೀವು ಮೂವತ್ತು ವರ್ಸ ಪಶು ಆಸ್ಪತ್ರೆಗೆ ಯಾಕ್ ಓಯ್ತಿದ್ರಿ?" ಎಂದು ಕೇಳಿದರು.

"ಅಲ್ಲಿ ಅಟೆಂಡ್ರಾಗಿದ್ದೆ ಕಣಯ್ಯ! ಮತ್ತೇನು, ಕಾಯ್ಲೆ ಬಿದ್ದು ಓಯ್ತಿದ್ದೆ ಅನ್ಕಂಡ್ಯಾ?"

ಹೌದೆಂದು ಹೇಳುವ ಧೈರ್ಯ ದೊಡ್ಡಸಿದ್ದಯ್ಯನವರಿಗಿರಲಿಲ್ಲ.

"ಓದ್ ವರ್ಸ ಹೊಟ್ಟೆ ಉಬ್ಬರಕ್ಕೆ ಓಮದಕಾಳಿನ ಕಷಾಯ ಯೋಳಿದ್ನಲ್ಲ, ಕುಡ್ಸಿದ್ರಾ?"

ಓಮದಕಾಳು! ಇಂಗ್ಲಿಷಿಗೆ ಹೋಗಿ ಬರುವಾಗ ಅದೇ ಕೇರಂ ಬೀಜವಾಗಿತ್ತು. ದೊಡ್ಡಸಿದ್ದಯ್ಯ ಬಸ್ಸುಗಳ ಕಡೆ ನೋಡುತ್ತ, "ಊಂ, ಕುಡ್ಸ್ದೆ, ವಾಸಿಯಾಯ್ತು" ಎಂದಷ್ಟೇ ಹೇಳಿ ಆಟೋ ಕರೆದರು.

ಮನೆ ಹತ್ತಿರವಾದಾಗ ಅವರು ಆಟೋದಿಂದ ತಲೆ ಹೊರಹಾಕಿ ನೋಡಿದರು. ಗೇಟಿನ ಮುಂದೆ ಇಪ್ಪತ್ತು ಮೂವತ್ತು ಜನ. ಟೀ ಅಂಗಡಿ ಸ್ವಾಮಿ ಅಂಗಡಿಯನ್ನೇ ಮುಚ್ಚಿ ಬಂದಿದ್ದ. ಯಾರೋ ಒಬ್ಬರು ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು, ಸ್ಕಾಟ್ಲೆಂಡಿನವನನ್ನು ತೋರಿಸಲು. ಮುಕರ್ರಂ ಕಾಂಪೌಂಡಿಗೆ ಒರಗಿ, ಏನಾಗುವುದೋ ಎಂದು ಉಗುರು ಕಚ್ಚುತ್ತಿದ್ದ.

ಆಟೋದಿಂದ ಮೊದಲು ವೈರ್ ಬ್ಯಾಗು ಇಳಿಯಿತು, ಆಮೇಲೆ ಚಿಕ್ಕಬೋರಮ್ಮ.

"ಎಲ್ಲಿ ಸಿದ್ದಯ್ಯ, ನಿಮ್ ಬೋರಾ?" ಎಂದ ಸ್ವಾಮಿ.

ದೊಡ್ಡಸಿದ್ದಯ್ಯ ಆಟೋದವನಿಗೆ ಚಿಲ್ಲರೆ ಎಣಿಸತೊಡಗಿದರು. ಚಿಕ್ಕಬೋರಮ್ಮ ಗುಂಪನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ನಾನೇ ಕಣ್ಲಾ ಬೋರಾ. ಏನೀಗ? ಕಾಯ್ಲೆ ಬಿದ್ದಿರೋ ಕುರಿ ಮನೆ ಮುಂದೆ ಇಷ್ಟು ಜನ ನಿಂತ್ಕಂಡ್ರೆ ಅದಕ್ಕೆ ಉಸ್ರಾಡಕ್ ಆಯ್ತದಾ? ಯಾರಾದ್ರೂ ಒಬ್ರು ಬಿಸ್ನೀರು ತನ್ನಿ, ಒಬ್ರು ಬ್ಯಾಟ್ರಿ ಇಡೀರಿ, ಮಿಕ್ಕೋರು ನಡೀರಿ ಅತ್ಲಾಗೆ!"

ಜನ ಚದುರಿದರು. ಸ್ವಾಮಿ ತಾನೇ ಬಿಸಿನೀರು ತರಲು ಓಡಿದ.

ಕೊಟ್ಟಿಗೆಯಲ್ಲಿ ಚಿಕ್ಕಬೋರಮ್ಮ ಭೈರನ ಕತ್ತನ್ನು ಕಂಕುಳಲ್ಲಿ ಇರುಕಿಕೊಂಡು, ಹೆಬ್ಬೆರಳನ್ನು ದವಡೆಯ ಸಂದಿಗೆ ತೂರಿಸಿ ಅದರ ಬಾಯಿ ತೆರೆದರು. ಮುಕರ್ರಂ ಮೊಬೈಲಿನ ಬೆಳಕು ಬಿಟ್ಟ. ಒಳಗಿನ ವಸಡಿನಲ್ಲಿ ಕಿರುಬೆರಳುದ್ದದ ಕಬ್ಬಿನ ಸಿಬಿರು ನಾಟಿಕೊಂಡಿತ್ತು. ಆಕೆ ಎರಡು ಬೆರಳಲ್ಲಿ ಹಿಡಿದು ಒಂದೇ ಸಲಕ್ಕೆ ಎಳೆದರು. ಭೈರ ಒಂದು ಬಾರಿ ಒದ್ದು, ಮುಕರ್ರಮನ ಮೊಣಕಾಲಿಗೆ ತಾಗಿಸಿ, ಗೋಡೆಗೆ ಒರಗಿ ನಿಂತ.

"ಬಾಯ್ ತಗ್ದು ನೋಡು ಅಂದಿದ್ನಲ್ಲಯ್ಯ! ನೋಡ್ದೆ ಅಂತ ಬರ್ದೆ!"

"ಬಾಯ್ ತಗ್ದು ನೋಡುದ್ರಲ್ಲ!" ಎಂದರು ಮಾಯಮ್ಮ ಬಾಗಿಲಿಂದ. "ನಾನ್ ಕಣ್ಣಾರೆ ಕಂಡೆ." ಹೇಗೆ ನೋಡಿದರೆಂಬುದನ್ನು ಅಭಿನಯಿಸಿಯೂ ತೋರಿಸಿದರು. ಕೊಟ್ಟಿಗೆಯಲ್ಲಿ ನಗದೆ ಇದ್ದವರು ದೊಡ್ಡಸಿದ್ದಯ್ಯ ಮತ್ತು ಭೈರ ಇಬ್ಬರೇ.

ಊಟಕ್ಕೆ ಕುಳಿತಾಗ ಚಿಕ್ಕಬೋರಮ್ಮ ಬ್ರೆಡ್ಡು, ಜಾಮು, ಉಪ್ಪಿಲ್ಲದ ಆಲೂಗಡ್ಡೆ, ಮುಳ್ಳು ಚಮಚ ಎಲ್ಲವನ್ನೂ ನೋಡಿ, "ಯಾಕಮ್ಮ ಮಾಯಮ್ಮ, ನನಗೇನಾಗದೆ?" ಎಂದು ಕೇಳಿದರು. ಮಾಯಮ್ಮ ಅವಸರದಲ್ಲಿ ಎಸರಿಟ್ಟು ಮುದ್ದೆ ಕಟ್ಟಿದರು. ಚಿಕ್ಕಬೋರಮ್ಮ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದರು. ದೊಡ್ಡಸಿದ್ದಯ್ಯ ತಮ್ಮ ತಟ್ಟೆಯ ಮುದ್ದೆಯನ್ನೇ ಬಹಳ ಹೊತ್ತು ನೋಡುತ್ತಿದ್ದರು. ರಾಗಿಯನ್ನು ಇಂಗ್ಲಿಷಿನವರು ಬೆರಳು ಧಾನ್ಯ ಎನ್ನುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಬಸ್ಸು ಹತ್ತಿಸುವಾಗ ಫೋನ್ ನಂಬರು ಬರೆದುಕೊಂಡರು. "ನಮ್ಮೂರಲ್ಲಿ ಅಮೆರಿಕದೋನು ಎಂಗಿದ್ದ ಅಂತ ಕೇಳ್ತಾರೆ ಕಣಯ್ಯ, ಏನ್ ಯೋಳ್ಲಿ?" ಎಂದರು ಚಿಕ್ಕಬೋರಮ್ಮ. ದೊಡ್ಡಸಿದ್ದಯ್ಯ ಯೋಚಿಸಿ, "ಎತ್ತರಕ್ಕವ್ನೆ, ಗಡ್ಡ ಬುಟ್ಟವ್ನೆ, ಹಾರ ಆಕ್ಸ್ಕಂಡು ಮೈಸೂರ್ ಕಡೆ ಓದ ಅನ್ನಿ. ಸುಳ್ಳೇನಲ್ವಲ್ಲ" ಎಂದರು.

ಹತ್ತು ದಿನ ಕಳೆದ ಮೇಲೆ ಮುಕರ್ರಂ ಕುಂಟುತ್ತ ಬಂದು, ಆಡ್-ಆನ್ ಮಾಡಿದವರು ಅದನ್ನು ಹೊಸ ಬ್ರೌಸರಿಗೆ ಹೊಂದಿಸಿದ್ದಾರೆಂದು ಹೇಳಿ ಕೂರಿಸಿದ. ಹಸಿರು ಗುರುತು ಮತ್ತೆ ಜೀವ ಪಡೆಯಿತು. ಇಂಗ್ಲಿಷೆಲ್ಲ ಕನ್ನಡವಾಯಿತು. ಆಗ ಗೊತ್ತಾಯಿತು, ಆ ಮಂಗಳವಾರ ಇವರಿಬ್ಬರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಕಿತ್ತಾಡಿದ್ದನ್ನು ಇಡೀ ಪ್ರಪಂಚದ ಕುರಿಗಾರರು ಉಸಿರು ಬಿಗಿಹಿಡಿದು ನೋಡುತ್ತಿದ್ದರೆಂದು.

'ಸ್ನೇಹಿತರೇ, ತಮ್ಮಿಬ್ಬರಿಗೂ ಪಾರ್ಶ್ವವಾಯು ಸಂಭವಿಸಿದೆಯೇ?' ಎಂದು ಕೆನಡಾದ ಒಬ್ಬ ಕೇಳಿದ್ದ. 'ಈ ಸುಂದರ ದುಂಡು ಅಕ್ಷರಗಳು ಕುರಿಗಳ ಗುರುತಿನ ಮುದ್ರೆಗಳೆಂದು ನಾನು ಭಾವಿಸುತ್ತೇನೆ' ಎಂದು ವೇಲ್ಸಿನ ಮುದುಕಿಯೊಬ್ಬಳು ಬರೆದಿದ್ದಳು. ನ್ಯೂಜಿಲೆಂಡಿನವನೊಬ್ಬ ಮಾತ್ರ ಶ್ರದ್ಧೆಯಿಂದ ಕುಳಿತು ಎಲ್ಲವನ್ನೂ ತನ್ನದೊಂದು ಆಡ್-ಆನಿನಲ್ಲಿ ಅನುವಾದಿಸಿಕೊಂಡು ಓದಿದ್ದ. 'ಮೂತಿಗಿಕ್ತೀನಿ ಎಂಬುದು ತಮ್ಮ ಮುಖಕ್ಕೆ ಇಡುವೆನು ಎಂದಾಯಿತು. ಇದು ಒಂದು ಔಷಧಿಯೇ? ಕುರಿಗಳಿಗೆ ದಿನಕ್ಕೆ ಎಷ್ಟು ಬಾರಿ?' ಎಂದು ವಿಚಾರಿಸಿದ್ದ.

ದೊಡ್ಡಸಿದ್ದಯ್ಯ ಕೂಡಲೇ ಮಳವಳ್ಳಿಗೆ ಫೋನು ಹಚ್ಚಿದರು. ಚಿಕ್ಕಬೋರಮ್ಮ ಪೂರ್ತಿ ಕೇಳಿಸಿಕೊಂಡರು.

"ಔಸ್ದಿ ಅಂತಲೇ ಬರೀರಿ," ಎಂದರು. "ಟಗ್ರಿಗಲ್ಲ, ಸಾಕ್ದೋರಿಗೆ ಅನ್ನಿ. ಬೆಳಿಗ್ಗೆ ಒಂದ್ಸಲ ಸಾಕು."

ದೊಡ್ಡಸಿದ್ದಯ್ಯ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಹೊಡೆಯತೊಡಗಿದರು.